ಮ್ಯಾನೇಜರ್‌ಗೆ ದೊಡ್ಡ ಎಂ ಬೇಕೇ?

ಪ್ರಿಯ ಮಿತ್ರರೇ,

ನಿಮ್ಮ ಇಂಗ್ಲಿಷ್ ಕರಡು ಓದಿದೆ. ಭಾಷೆ ಹದವಾಗಿದೆ, ಕ್ಯಾಪಿಟಲ್ ಅಕ್ಷರಗಳು ಮಾತ್ರ ಕಂಡಕಂಡಲ್ಲಿ ತಲೆ ಎತ್ತಿವೆ. ಮ್ಯಾನೇಜರ್, ಕಂಪನಿ, ಕಾಲೇಜು, ಗವರ್ನಮೆಂಟ್, ಯಾವುದನ್ನೂ ನೀವು ಬಿಟ್ಟಿಲ್ಲ. ಇದು ಸೌಜನ್ಯ ಹೆಚ್ಚಾಗಿ ಆಗುವ ತಪ್ಪು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬುದಿಲ್ಲ. ಗೌರವ ತೋರಲು 'ಅವರು', 'ಬಂದರು' ಇವೆ. ಇಂಗ್ಲಿಷಿಗೆ ಕಾಲಿಟ್ಟ ಕೂಡಲೇ ಆ ಮರ್ಯಾದೆಯ ಹೊರೆಯನ್ನು ಕ್ಯಾಪಿಟಲ್ ಮೇಲೆ ಹೊರಿಸುತ್ತೇವೆ.

ಶಾಲೆಯಲ್ಲಿ ಕಲಿತ ರೂಢನಾಮ, ಅಂಕಿತನಾಮಗಳನ್ನು ನೆನಪಿಸಿಕೊಳ್ಳಿ. ನದಿ ರೂಢನಾಮ, ಥೇಮ್ಸ್ ಅಂಕಿತನಾಮ. ಇಷ್ಟರಲ್ಲಿ ಯಾರೂ ಎಡವುವುದಿಲ್ಲ. ಒಂದೇ ಪದ ಎರಡೂ ಕಡೆ ಓಡಾಡುವಾಗ ತೊಡಕು. 'ಪ್ರೆಸಿಡೆಂಟ್ ಲಿಂಕನ್' ಎಂಬಲ್ಲಿ ಹುದ್ದೆ ಹೆಸರಿಗೆ ಅಂಟಿಕೊಂಡಿದೆ, ಹಾಗಾಗಿ ಪಿ ದೊಡ್ಡದು. 'ಲಿಂಕನ್, ದ ಪ್ರೆಸಿಡೆಂಟ್' ಎಂದು ಹಿಂದೆ ಬಂದರೆ ಹೆಚ್ಚಿನ ಶೈಲಿ ಕೈಪಿಡಿಗಳ (ಬರವಣಿಗೆಯ ನಿಯಮಗಳ ಪುಸ್ತಕಗಳ) ಪ್ರಕಾರ ಸಣ್ಣದು. 'ಯೂನಿವರ್ಸಿಟಿ ಆಫ್ ಆಕ್ಸ್‌ಫರ್ಡ್' ಎಂದು ಪೂರ್ತಿ ಹೆಸರು ಬರೆದಾಗ ಯು ದೊಡ್ಡದು. ಮುಂದಿನ ವಾಕ್ಯದಲ್ಲಿ ಬರೀ 'ದ ಯೂನಿವರ್ಸಿಟಿ' ಎಂದಾಗ ಸಣ್ಣದು.

ಸಂಬಂಧವಾಚಕಗಳಿಗೆ ಒಂದು ಪರೀಕ್ಷೆ ಇದೆ: ಆ ಜಾಗದಲ್ಲಿ ಯಾವುದಾದರೂ ಹೆಸರಿಟ್ಟು ಓದಿ. 'ಐ ಆಸ್ಕ್ಡ್ ಮದರ್' ಎಂಬಲ್ಲಿ ಮದರ್ ತೆಗೆದು ಮೇರಿ ಇಟ್ಟರೂ ವಾಕ್ಯ ನಿಲ್ಲುತ್ತದೆ, ಎಂ ದೊಡ್ಡದು. 'ಐ ಆಸ್ಕ್ಡ್ ಮೈ ಮದರ್' ಎಂಬಲ್ಲಿ 'ಮೈ ಮೇರಿ' ಎನ್ನಲು ನಾಲಿಗೆ ತಡವರಿಸುತ್ತದೆ, ಸಣ್ಣದು.

ವಾರ, ತಿಂಗಳುಗಳಿಗೆ ದೊಡ್ಡದು, ಋತುಗಳಿಗೆ ಸಣ್ಣದು. ಭಾಷೆಗಳ ಹೆಸರಿಗೂ ದೇಶದ ಹೆಸರಿನಿಂದ ಬಂದ ವಿಶೇಷಣಗಳಿಗೂ ದೊಡ್ಡದು. ಆದ್ದರಿಂದ ಪಾಠಪಟ್ಟಿಯಲ್ಲಿ ಇಂಗ್ಲಿಷ್‌ನ ಇ ದೊಡ್ಡದು, ಪಕ್ಕದಲ್ಲೇ ಇರುವ ಹಿಸ್ಟರಿಯ ಹೆಚ್ ಸಣ್ಣದು.

ಅಳತೆಯ ಮಾನಗಳಲ್ಲಿ ಬಲ್ಲವರೂ ಜಾರುತ್ತಾರೆ. ನ್ಯೂಟನ್ ವ್ಯಕ್ತಿಯಾದರೆ ಎನ್ ದೊಡ್ಡದು. ಬಲದ ಮಾನವಾಗಿ '5 ನ್ಯೂಟನ್' ಎಂದು ಅಕ್ಷರದಲ್ಲಿ ಬರೆದಾಗ ಸಣ್ಣದು, ಸಂಕೇತವಾಗಿ ಬರೀ ಎನ್ ಹಾಕಿದಾಗ ಮತ್ತೆ ದೊಡ್ಡದು. ವಾಟ್, ವೋಲ್ಟ್, ಕೆಲ್ವಿನ್ ಎಲ್ಲಕ್ಕೂ ಇದೇ ಕಟ್ಟು. 'ಡಿಗ್ರಿ ಸೆಲ್ಸಿಯಸ್' ಮಾತ್ರ ಹಟಮಾರಿ: ಡಿ ಸಣ್ಣದು, ಸಿ ದೊಡ್ಡದು. ಜೀವಿಗಳ ವೈಜ್ಞಾನಿಕ ಹೆಸರಿನಲ್ಲಿ ಕುಲಕ್ಕೆ ದೊಡ್ಡದು, ಪ್ರಭೇದಕ್ಕೆ ಸಣ್ಣದು. 'ಹೋಮೋ ಸೇಪಿಯನ್ಸ್'ನಲ್ಲಿ ಎಸ್ ಸಣ್ಣದೇ.

'1787ರ ಅಮೆರಿಕದ ಸಂವಿಧಾನದಲ್ಲಿ ರೂಢನಾಮಕ್ಕೂ ದೊಡ್ಡಕ್ಷರ ಇದೆಯಲ್ಲ' ಎಂದು ನೀವು ಕೇಳಬಹುದು. ಇದೆ. ಅಂದಿನ ಇಂಗ್ಲಿಷಿನಲ್ಲಿ ಅದು ರೂಢಿಯಾಗಿತ್ತು, ಜರ್ಮನ್ ಭಾಷೆಯಲ್ಲಿ ಇಂದಿಗೂ ನಿಯಮ. ಕರಾರು ಪತ್ರಗಳಲ್ಲಿ 'ದ ಕಂಪನಿ' ಎಂದು ದೊಡ್ಡ ಸಿ ಬರುವುದೂ ಸರಿ, ಏಕೆಂದರೆ ಅಲ್ಲಿ ಆ ಪದ ಯಾರನ್ನು ಸೂಚಿಸುತ್ತದೆಂದು ಮೊದಲೇ ಗೊತ್ತುಮಾಡಿರುತ್ತಾರೆ. ಆ ಚಾಳಿಯನ್ನು ಪ್ರಬಂಧಕ್ಕೆ ತಂದರೆ ಸುತ್ತೋಲೆ ಓದಿದ ಹಾಗಾಗುತ್ತದೆ.

ಶೀರ್ಷಿಕೆಗಳಲ್ಲಿ ಪದದ ಗಾತ್ರ ನೋಡಿ ಮೋಸಹೋಗಬೇಡಿ. 'ಈಸ್', 'ಇಟ್' ಎರಡೇ ಅಕ್ಷರದವು, ಆದರೂ ಕ್ರಿಯಾಪದ, ಸರ್ವನಾಮಗಳಾದ್ದರಿಂದ ದೊಡ್ಡಕ್ಷರ ಬೇಕು. ಮಧ್ಯದಲ್ಲಿ ಬರುವ 'ದ', 'ಆಫ್'ಗಳಿಗೆ ಬೇಡ.

ಕೆಲವು ಪದಗಳು ಕಾಲಕ್ಕೆ ತಕ್ಕಂತೆ ಇಳಿಯುತ್ತವೆ. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ ಶೈಲಿ ಕೈಪಿಡಿ ಇಂಟರ್ನೆಟ್‌ನ ದೊಡ್ಡ ಐ ಅನ್ನು 2016ರಲ್ಲಿ ಸಣ್ಣದು ಮಾಡಿತು. ಇಂಥ ಕಡೆ ಪ್ರಕಾಶಕರು ಯಾವ ಕೈಪಿಡಿ ಅನುಸರಿಸುತ್ತಾರೋ ಅದನ್ನೇ ಹಿಡಿಯಿರಿ. ತೀರ್ಮಾನಿಸಿದ ಪದಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮೂರನೇ ಪುಟದಲ್ಲಿ ಒಂದು, ಮೂವತ್ತನೇ ಪುಟದಲ್ಲಿ ಇನ್ನೊಂದು ಆಗುವುದು ಹಾಳೆ ಇಲ್ಲದಾಗಲೇ.

ಈಗ ಕರಡು ತೆರೆದು, ಹುಡುಕುವ ಕಿಟಕಿಯಲ್ಲಿ 'ಮ್ಯಾಚ್ ಕೇಸ್' (ದೊಡ್ಡಕ್ಷರ, ಸಣ್ಣಕ್ಷರ ಬೇರ್ಪಡಿಸಿ ಹುಡುಕುವುದು) ಆಯ್ಕೆಮಾಡಿ, ದೊಡ್ಡ ಎಂ ಇರುವ 'ಮ್ಯಾನೇಜರ್'ಗಳನ್ನು ಒಂದೊಂದಾಗಿ ನೋಡುತ್ತ ಹೋಗಿ. ಅದಾದ ಕೂಡಲೇ ವ್ಯಕ್ತಿಯ ಹೆಸರು ಬರದಿದ್ದರೆ ಇಳಿಸಿ. ಒಂದೇ ಏಟಿಗೆ 'ರಿಪ್ಲೇಸ್ ಆಲ್' ಒತ್ತಬೇಡಿ, ವಾಕ್ಯದ ಮೊದಲಲ್ಲಿರುವ ಮ್ಯಾನೇಜರ್‌ಗಳೂ ಸಣ್ಣವರಾಗಿಬಿಡುತ್ತಾರೆ.

ನಿಮ್ಮ ಹಿತೈಷಿ