ತಪ್ಪುಗಳ ನೋಟ್‌ಬುಕ್ ಬರೆದವರಿಗೆ

ಕಳೆದ ವಾರ ಎಂ.ಎಸ್ಸಿ. ಭೌತಶಾಸ್ತ್ರದ ಕೊನೆಯ ಅಂಕಪಟ್ಟಿ ಕೈಗೆ ಬಂದಿತು. ಮೂರನೆಯ ಸೆಮಿಸ್ಟರ್‌ನಲ್ಲಿ 70ಕ್ಕೆ 19 ಅಂಕ ಪಡೆದು ಬಾಕಿ ಉಳಿಸಿಕೊಂಡಿದ್ದ ಪರಮಾಣು ಮತ್ತು ನ್ಯೂಕ್ಲಿಯರ್ ಭೌತಶಾಸ್ತ್ರದ ಪತ್ರಿಕೆಯಲ್ಲಿ ಈ ಸಲ 52 ಬಂದಿದೆ. ಈ ಏರಿಕೆಯಲ್ಲಿ ನನ್ನ ಪಾಲೆಷ್ಟು, ಹಾಸ್ಟೆಲಿನ ಐವರು ಗೆಳತಿಯರ ಪಾಲೆಷ್ಟು ಎಂದು ಲೆಕ್ಕ ಹಾಕಲು ಹೊರಟರೆ ನನ್ನದು ಕಡಿಮೆಯೇ ಬರುತ್ತದೆ. ಆದ್ದರಿಂದ ನಾಲ್ಕು ಜನರ ಎದುರಿನಲ್ಲಿಯೇ ಅವರಿಗೆ ಕೃತಜ್ಞತೆ ಹೇಳಬೇಕೆನಿಸಿತು.

ಮೂರನೆಯ ಸೆಮಿಸ್ಟರ್‌ನ ಫಲಿತಾಂಶ ಬಂದ ಮೇಲೆ ಎರಡು ವಾರ ನಾನು ಯಾರೊಡನೆಯೂ ಮೆಸ್ಸಿಗೆ ಹೋಗಿರಲಿಲ್ಲ. ಒಂದು ರಾತ್ರಿ ಹಾವೇರಿಯ ಗೆಳತಿ ಇನ್ನೂರು ಪುಟದ ಲಾಂಗ್ ನೋಟ್‌ಬುಕ್ ಒಂದನ್ನು ತಂದು ಮೇಜಿನ ಮೇಲಿಟ್ಟು, ಇದರಲ್ಲಿ ಸರಿಯುತ್ತರ ಬರೆಯುವಂತಿಲ್ಲ, ಪ್ರತಿಯೊಬ್ಬರೂ ತಾವು ಎಡವಿದ ಹೆಜ್ಜೆಯನ್ನು ಮಾತ್ರ ಬರೆಯಬೇಕು ಎಂದಳು. ಮೊದಲ ಪುಟ ತುಂಬಿಸಿದವಳು ನಮ್ಮ ತರಗತಿಗೇ ಮೊದಲಿಗಳಾಗಿದ್ದವಳು. ಅವಳೂ ವಿಕಿರಣಶೀಲ ವಸ್ತು ಅರ್ಧಕ್ಕಿಳಿಯುವ ಕಾಲವಾದ ಅರ್ಧಾಯುವನ್ನೂ ಅದರ ಪರಮಾಣುಗಳ ಸರಾಸರಿ ಆಯುಷ್ಯವನ್ನೂ ಒಂದೇ ಎಂದುಕೊಂಡು 0.693ರಿಂದ ಭಾಗಿಸುವುದನ್ನು ಮರೆತಿದ್ದಳೆಂದು ಓದಿದ ಮೇಲೆ ನನಗೆ ಪೆನ್ನು ಹಿಡಿಯುವ ಧೈರ್ಯ ಬಂತು.

ನನ್ನ ದೊಡ್ಡ ತಪ್ಪು ಸೋಡಿಯಂ-22ರದ್ದಾಗಿತ್ತು. ಅದು ಪಾಸಿಟ್ರಾನ್ (ಇಲೆಕ್ಟ್ರಾನಿನಷ್ಟೇ ತೂಕದ, ಧನ ವಿದ್ಯುದಂಶದ ಕಣ) ಹೊರಸೂಸಿ ನಿಯಾನ್-22 ಆಗುತ್ತದೆ. ಕೋಷ್ಟಕದಲ್ಲಿರುವ ಎರಡು ಪರಮಾಣುಗಳ ದ್ರವ್ಯರಾಶಿಯ ವ್ಯತ್ಯಾಸ ಶಕ್ತಿಯ ಲೆಕ್ಕದಲ್ಲಿ ಸುಮಾರು 2.84 ಎಂ.ಇ.ವಿ. (ಮಿಲಿಯನ್ ಇಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ). ಪಾಸಿಟ್ರಾನಿಗೆ ಹೆಚ್ಚೆಂದರೆ ಎಷ್ಟು ಶಕ್ತಿ ಸಿಗುತ್ತದೆ ಎಂಬ ಪ್ರಶ್ನೆಗೆ ನಾನು ಅದನ್ನೇ ಉತ್ತರವೆಂದು ಬರೆದು ಬಂದಿದ್ದೆ. ನಾನು ಓದಿದ್ದ ಗೈಡಿನಲ್ಲಿಯೂ ಹಾಗೆಯೇ ಇತ್ತು. ಹಾವೇರಿಯವಳು ಮಾತಿಲ್ಲದೆ ಮೇಜಿನ ಮೇಲೆ ಹನ್ನೊಂದು ಶೇಂಗಾ ಬೀಜಗಳನ್ನು ಸಾಲಾಗಿ ಇಟ್ಟಳು. ಸೋಡಿಯಂ ಪರಮಾಣುವಿನ ದ್ರವ್ಯರಾಶಿಯೆಂದರೆ ಅದರ ಹನ್ನೊಂದು ಇಲೆಕ್ಟ್ರಾನ್‌ಗಳೂ ಸೇರಿದ ತೂಕ, ನಿಯಾನ್‌ಗೆ ಬೇಕಾದದ್ದು ಹತ್ತೇ, ಹಾಗಾದರೆ ಉಳಿದ ಈ ಒಂದು ಯಾರ ಖಾತೆಗೆ ಎಂದು ಕೇಳಿದಳು. ಅದರ ಪಕ್ಕದಲ್ಲಿ, ಹೊಸದಾಗಿ ಹುಟ್ಟಿದ ಪಾಸಿಟ್ರಾನಿನ ಲೆಕ್ಕಕ್ಕೆಂದು ಇನ್ನೊಂದು ಬೀಜ ಇಟ್ಟಳು. ಇವೆರಡರ ದ್ರವ್ಯರಾಶಿಗೆ ತಲಾ 0.511 ಎಂ.ಇ.ವಿ.ಯಂತೆ 1.02 ಕಳೆದಾಗ ಉಳಿದದ್ದು 1.82, ಬಹುಪಾಲು ವಿಘಟನೆಗಳಲ್ಲಿ ಅದರಲ್ಲಿಯೂ 1.27 ಗಾಮಾ ಕಿರಣಕ್ಕೆ ಹೋಗುವುದರಿಂದ ಪಾಸಿಟ್ರಾನಿಗೆ ಹೆಚ್ಚೆಂದರೆ 0.55 ಸಿಗುತ್ತದೆ. ಮರುವಾರ ಪ್ರಯೋಗಾಲಯದ ಗಾಮಾ ರೋಹಿತದಲ್ಲಿ 0.511ರ ಬಳಿ ಒಂದು, 1.27ರ ಬಳಿ ಇನ್ನೊಂದು ಶಿಖರ ಎದ್ದು ನಿಂತದ್ದನ್ನು ಕಂಡಾಗ ನಾನು ಹಳೆಯ ಪರಿಚಿತರನ್ನು ಕಂಡವಳಂತೆ ನಕ್ಕೆನಂತೆ.

ಕಾರವಾರದ ಕಡೆಯ ಸೀನಿಯರ್ ಅಕ್ಕ ಕೊಟ್ಟ ಲೆಕ್ಕವೂ ಮರೆಯುವಂಥದ್ದಲ್ಲ. ಒಂದು ಯುರೇನಿಯಂ-235 ನ್ಯೂಕ್ಲಿಯಸ್ ಒಡೆದಾಗ ಸುಮಾರು 200 ಎಂ.ಇ.ವಿ. ಶಕ್ತಿ ಸಿಗುವುದಾದರೆ, ಕೈಗಾ ಅಣು ವಿದ್ಯುತ್ ಸ್ಥಾವರದ 220 ಮೆಗಾವ್ಯಾಟಿನ ಒಂದು ಘಟಕದಲ್ಲಿ, ವಿದ್ಯುತ್ತಿನ ಮೂರು ಪಟ್ಟಿಗಿಂತ ಹೆಚ್ಚು ಶಾಖ ಬೇಕಾಗುತ್ತದೆಂದು ಹಿಡಿದು, ದಿನಕ್ಕೆ ಎಷ್ಟು ಯುರೇನಿಯಂ ಒಡೆಯಬೇಕೆಂದು ಕೇಳಿದ್ದರು. ನಾನು ಎಂ.ಇ.ವಿ.ಯನ್ನು ಜೂಲ್‌ಗೆ ತರುವಾಗ 10ರ ಘಾತ -13 ಬರೆಯುವಲ್ಲಿ -19 ಬರೆದು, 800 ಟನ್ ಎಂದು ಉತ್ತರ ತಂದೆ. ಅಕ್ಕ ಗದರಲಿಲ್ಲ. “ನಾನು ಆ ದಾರಿಯಲ್ಲೇ ಓಡಾಡಿ ಬೆಳೆದವಳು, ದಿನಕ್ಕೆ ಅಷ್ಟು ಲಾರಿ ಯುರೇನಿಯಂ ಹೋಗುವುದನ್ನು ಒಮ್ಮೆಯೂ ನೋಡಿಲ್ಲವಲ್ಲೇ,” ಎಂದರು. ಸರಿಯುತ್ತರ ಒಂದು ಕಿಲೋಗೂ ಕಡಿಮೆ. ಉತ್ತರ ಬಂದ ಮೇಲೆ ಅದು ಲೋಕದಲ್ಲಿ ನಡೆಯುವ ಸಂಗತಿಯೇ ಎಂದು ಒಮ್ಮೆ ಕೇಳಿಕೊಳ್ಳುವ ಅಭ್ಯಾಸ ನನಗೆ ಹತ್ತಿದ್ದು ಆ ಲಾರಿಗಳಿಂದ.

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇಂಗ್ಲಿಷ್ ವಾಕ್ಯಗಳು ಅರ್ಥವಾಗುವುದಕ್ಕೂ ಒಳಗಿಳಿಯುವುದಕ್ಕೂ ನಡುವೆ ಅಂತರವಿತ್ತು. ನ್ಯೂಕ್ಲಿಯಸ್ಸಿನ ಅಡ್ಡಛೇದದ, ಅಂದರೆ ಬಂದು ಬಡಿಯುವ ಕಣಕ್ಕೆ ಅದು ಎಷ್ಟು ದೊಡ್ಡ ಗುರಿ ಎಂಬುದರ, ಅಳತೆಯಾದ ‘ಬಾರ್ನ್’ ಎಂಬುದು 1942ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ತಮಾಷೆಗೆ ಇಟ್ಟ ಹೆಸರು, ಅಷ್ಟು ದೊಡ್ಡ ಗುರಿಗೆ ಯಾರು ಹೊಡೆದರೂ ತಾಗುತ್ತದೆ ಎಂಬ ಅರ್ಥದಲ್ಲಿ ಎಂದು ಗೆಳತಿಯೊಬ್ಬಳು ಹೇಳಿ, “ನಮ್ಮ ದನದ ಕೊಟ್ಟಿಗೆ ಅಂದ್ಕೋ” ಎಂದಳು. ಆ ಅಳತೆ 10ರ ಘಾತ -28 ಚದರ ಮೀಟರ್ ಎಂಬುದು ಅಲ್ಲಿಂದೀಚೆಗೆ ಮರೆತಿಲ್ಲ.

ರಾತ್ರಿ ಹನ್ನೊಂದರವರೆಗೆ ಮೆಸ್ಸಿನ ಒಂದು ದೀಪ ಆರಿಸದೆ ಬಿಟ್ಟ ಅಡುಗೆಯ ಅಮ್ಮನಿಗೂ, ಮರುಪರೀಕ್ಷೆಗೆ ಮುನ್ನ ಎರಡು ಭಾನುವಾರ ನಮಗಾಗಿ ಬಂದು ಕುಳಿತ ನಮ್ಮ ಮೇಡಂ ಅವರಿಗೂ ನಾನು ಋಣಿ.

ನೋಟ್‌ಬುಕ್ ಈಗ ಕಿರಿಯರ ಕೈಯಲ್ಲಿದೆ. ಅವರಲ್ಲಿ ಒಂದು ವಿನಂತಿ. ಝೀಮನ್ ಪರಿಣಾಮದ (ಕಾಂತಕ್ಷೇತ್ರದಲ್ಲಿ ಬೆಳಕಿನ ರೋಹಿತ ರೇಖೆಗಳು ಒಡೆಯುವುದು) ಪುಟದಲ್ಲಿ ಬೇರೊಂದು ತಪ್ಪನ್ನು ವಿವರಿಸುವ ಭರದಲ್ಲಿ ನಾನು ಸೋಡಿಯಂನ ಪಿ ಸ್ಥಿತಿಯ ಜೆ (ಒಟ್ಟು ಕೋನೀಯ ಸಂವೇಗದ ಸಂಖ್ಯೆ) = 3/2 ಮಟ್ಟಕ್ಕೆ, ಆ ಒಡಕು ಎಷ್ಟೆಂದು ಹೇಳುವ ಲಾಂಡೆ ಅಂಶವನ್ನು 2/3 ಎಂದು ಬರೆದಿರುವುದು ಮೊನ್ನೆ ನೆನಪಾಯಿತು. ಅದು ಜೆ = 1/2ರದ್ದು; ಇಲ್ಲಿ 4/3 ಆಗಬೇಕು. 2/3 ಹಿಡಿದು ಹೊರಟರೆ ಸೋಡಿಯಂನ ಹಳದಿ ಬೆಳಕಿನ ಡಿ-2 ರೇಖೆ ಆರಾಗಿ ಒಡೆಯುವ ಬದಲು, ಎರಡು ರೇಖೆಗಳು ಒಂದರ ಮೇಲೊಂದು ಬಿದ್ದು ಐದೇ ಕಾಣುತ್ತವೆ, ರೇಖೆಗಳ ನಡುವಿನ ಅಂತರವೂ ಕೆಡುತ್ತದೆ. ದಯವಿಟ್ಟು ಹೊಡೆದುಹಾಕದೆ, ಪಕ್ಕದಲ್ಲಿ ನನ್ನ ಹೆಸರು ಬರೆದು ತಿದ್ದಿರಿ.