ಮಗಳಿಗೊಂದು ಪತ್ರ: ತಾತನ ಜಾವಾದ ಬ್ರೇಕು

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಹುಬ್ಬಳ್ಳಿಯಿಂದ ನೀನು ಕಳಿಸಿದ, ತಾತನ ಹಳೆಯ ಜಾವಾ ಮೋಟಾರ್ ಸೈಕಲ್ಲಿನ ವೀಡಿಯೊವನ್ನು ಮೂರು ಸಲ ನೋಡಿದೆ. ಮುಂದಿನ ಬ್ರೇಕಿನ ಲಿವರು ಸ್ಪಂಜಿನಂತೆ ಮೆತ್ತಗಾಗಿ ಹ್ಯಾಂಡಲ್ ಹಿಡಿಗೆ ತಾಗುವಷ್ಟು ಒಳಗೆ ಬರುತ್ತಿದೆ, ಹಿಡಿದಾಗಲೆಲ್ಲ ಕಿವಿಗೆ ಕೊರೆಯುವ ಕೀಚಲು ಸದ್ದು ಬರುತ್ತಿದೆ, ಹಿಂದಿನ ಬ್ರೇಕು ಒತ್ತಿದರೆ ಪೆಡಲು ಕಾಲಿನಡಿ ಮಿಡಿಯುತ್ತಿದೆ, ಬ್ರೇಕಿನ ಕೇಬಲ್ಲು ಬಿಗಿಮಾಡುವ ಮುಂದಿನ ಅಡ್ಜಸ್ಟರಿನಲ್ಲಿ ಇನ್ನು ಮೂರು ಸುತ್ತು ಮಾತ್ರ ಉಳಿದಿದೆ ಎಂದು ಬರೆದಿದ್ದೀಯ. ಉಳಿದ ವಿಷಯಗಳನ್ನೆಲ್ಲ ನಿಧಾನವಾಗಿ ಹೇಳುತ್ತೇನೆ. ಮೊದಲು ಇದೊಂದನ್ನು ಕೇಳು. ಆ ಮೂರು ಸುತ್ತನ್ನು ಮುಟ್ಟಬೇಡ. ಗಾಡಿಯನ್ನು ರಸ್ತೆಗೂ ಇಳಿಸಬೇಡ.

ಅಡ್ಜಸ್ಟರ್ ಇರುವುದು ಚೆನ್ನಾಗಿರುವ ಬ್ರೇಕಿನ ಲೈನಿಂಗು, ಅಂದರೆ ಉಜ್ಜಿ ಗಾಲಿಯನ್ನು ನಿಲ್ಲಿಸುವ ಪಟ್ಟಿ, ದಿನಕಳೆದಂತೆ ಸವೆದಾಗ ಆ ಸವೆತವನ್ನು ಸರಿದೂಗಿಸುವುದಕ್ಕೆ ಮಾತ್ರ. ಕೆಟ್ಟಿರುವ ಬ್ರೇಕಿನಲ್ಲಿ ಅದನ್ನು ತಿರುಗಿಸಿದರೆ ಲಿವರು ಮೇಲಕ್ಕೆ ಬಂದಂತೆ ಕಾಣುತ್ತದೆ, ಒಳಗಿನ ಕಾಯಿಲೆ ಮಾತ್ರ ಹಾಗೆಯೇ ಉಳಿದು ಬೆಳೆಯುತ್ತದೆ. ಇದನ್ನು ನಾನು ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಒಂದು ಕಾರಣವಿದೆ. ಅಮ್ಮನ ಬಲ ಮೊಣಕೈಯ ಹಿಂದೆ ಇರುವ ಅರ್ಧಚಂದ್ರದಂಥ ಗುರುತು ನಿನಗೆ ಗೊತ್ತು. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಮರಳಿನ ಮೇಲೆ ಗಾಡಿ ಜಾರಿತು ಎಂದೇ ನಿನಗೆ ಹೇಳುತ್ತ ಬಂದಿದ್ದೇನೆ. ಅಲ್ಲಿ ಮರಳಿರಲಿಲ್ಲ.

ನಮ್ಮ ಮದುವೆಯಾದ ಮರುವರ್ಷ, 1993ರಲ್ಲಿ, ಇದೇ ಜಾವಾದ ಮುಂದಿನ ಲೈನಿಂಗು ಪೂರ್ತಿ ಸವೆದಿತ್ತು ಮತ್ತು ಅಡ್ಜಸ್ಟರ್ ಕೊನೆ ಮುಟ್ಟಿತ್ತು. ಹೊಸ ಶೂ, ಅಂದರೆ ಲೈನಿಂಗು ಅಂಟಿಸಿದ ಕಮಾನಿನಂಥ ತುಂಡು, ಹಾಕಿಸುವ ಬದಲು ಕೇಬಲ್ಲು ಎಳೆಯುವ ಕ್ಯಾಮಿನ ಹೊರಗಿನ ತೋಳನ್ನು ಕಳಚಿ, ಎರಡು ಹಲ್ಲು ಹಿಂದಕ್ಕೆ ಸರಿಸಿ ಕೂಡಿಸಿದೆ. ಲಿವರು ಗಟ್ಟಿಯಾಯಿತು, ನನಗೆ ಸಮಾಧಾನವಾಯಿತು. ಕ್ಯಾಮು ಎಂದರೆ ಎರಡು ಶೂಗಳ ನಡುವೆ ನಿಂತಿರುವ ಚಪ್ಪಟೆ ತುಂಡು. ಅದು ಸ್ವಲ್ಪ ತಿರುಗಿದಾಗ ಶೂಗಳು ಅಗಲುತ್ತವೆ. ಲೈನಿಂಗು ತೆಳುವಾದಷ್ಟೂ ಅದು ಹೆಚ್ಚು ತಿರುಗಬೇಕಾಗುತ್ತದೆ. ಬೆಟ್ಟದಿಂದ ಇಳಿಯುವಾಗ ನಂದಿಯ ಬಳಿಯ ತಿರುವಿನಲ್ಲಿ ನಾನು ಬಲವಾಗಿ ಲಿವರು ಹಿಡಿದೆ; ಕ್ಯಾಮು ತನ್ನ ಮಿತಿ ದಾಟಿ ಅಡ್ಡಲಾಗಿ ನಿಂತುಬಿಟ್ಟಿತು. ಶೂಗಳನ್ನು ಹಿಂದಕ್ಕೆಳೆಯುವ ಸ್ಪ್ರಿಂಗಿಗೆ ಅದನ್ನು ಮರಳಿ ತಿರುಗಿಸುವ ಶಕ್ತಿ ಇರಲಿಲ್ಲ. ನಾನು ಲಿವರು ಬಿಟ್ಟರೂ ಬ್ರೇಕು ಬಿಡಲಿಲ್ಲ, ಮುಂದಿನ ಗಾಲಿ ಹಿಡಿದುಕೊಂಡಿತು. ವೇಗ ಕಡಿಮೆಯಿದ್ದುದರಿಂದ ಪೆಟ್ಟು ಅಮ್ಮನ ಮೊಣಕೈಗೇ ನಿಂತಿತು. ಆಮೇಲೆ ಚಕ್ರ ಬಿಚ್ಚಿ ನೋಡಿದಾಗ ಎಲ್ಲವೂ ಅರ್ಥವಾಯಿತು, ಯಾರಿಗೂ ಹೇಳಲಿಲ್ಲ.

ಈಗ ಕೆಲಸದ ಮಾತಿಗೆ ಬರುತ್ತೇನೆ. ನೀನು ದಿನವೂ ಓಡಿಸುವ ಗಾಡಿಗೆ ಡಿಸ್ಕ್ ಬ್ರೇಕೂ, ಗಾಲಿ ಹಿಡಿದುಕೊಂಡುಬಿಡದಂತೆ ತಡೆಯುವ ಎಬಿಎಸ್ಸೂ ಇವೆ. 125 ಸಿಸಿ ಮೀರಿದ ಹೊಸ ಗಾಡಿಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ತಾತನ ಜಾವಾ 1968ರದು, ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದದ್ದು. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದರ ಸೈರನ್ನಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಮನೆಗಳಲ್ಲಿ ನಮ್ಮದೂ ಒಂದು. ಈ ಗಾಡಿಯಲ್ಲಿ ನಿನ್ನ ಕೈಗೂ ಗಾಲಿಗೂ ನಡುವೆ ಇರುವುದು ಒಂದು ಕೇಬಲ್ಲು, ಒಂದು ತೋಳು, ಒಂದು ಕ್ಯಾಮು, ಎರಡು ಶೂ ಮತ್ತು ಶೂಗಳು ಒಳಗಿನಿಂದ ಒತ್ತುವ, ಗಾಲಿಯೊಂದಿಗೆ ತಿರುಗುವ ಒಂದು ಡ್ರಮ್ಮು ಮಾತ್ರ. ದೋಷ ಇವುಗಳಲ್ಲಿ ಎಲ್ಲೋ ಒಂದು ಕಡೆ ಇರಲೇಬೇಕು, ಮತ್ತು ಅದನ್ನು ಬರಿಗೈಯಿಂದಲೇ ಹುಡುಕಬಹುದು ಎಂಬುದೇ ಈ ಗಾಡಿಯ ಬಗ್ಗೆ ನನಗಿರುವ ಪ್ರೀತಿಗೆ ಒಂದು ಕಾರಣ.

ಲಿವರು ಸ್ಪಂಜಿನಂತೆ ಮೆತ್ತಗಿದೆ ಎಂದೆಯಲ್ಲ, ಅದನ್ನು ಹೀಗೆ ಪರೀಕ್ಷಿಸು. ಗೆಳತಿಯೊಬ್ಬಳಿಗೆ ಲಿವರು ಹಿಡಿಯಲು ಹೇಳಿ ನೀನು ಗಾಲಿಯ ಬಳಿ ಕುಳಿತು ಕ್ಯಾಮಿನ ತೋಳನ್ನು ಗಮನಿಸು. ತೋಳು ನಿಂತ ಮೇಲೂ ಲಿವರು ಒಳಗೆ ಹೋಗುತ್ತಲೇ ಇದ್ದರೆ ಆ ಚಲನೆಯನ್ನೆಲ್ಲ ಕೇಬಲ್ಲು ನುಂಗುತ್ತಿದೆ ಎಂದರ್ಥ. ಹಳೆಯ ಕೇಬಲ್ಲಿನ ಒಳತಂತಿ ಹಿಗ್ಗಿರುತ್ತದೆ, ಹೊರಕವಚದ ಸುರುಳಿ ಕುಗ್ಗುತ್ತಿರುತ್ತದೆ. ಆಮೇಲೆ ಕೇಬಲ್ಲು ಬಿಚ್ಚಿ, ತೋಳನ್ನು ಕೈಯಿಂದಲೇ ಬಲವಾಗಿ ಒತ್ತಿ ನೋಡು. ಕಲ್ಲಿಗೆ ತಾಗಿದಂತೆ ಗಕ್ಕನೆ ನಿಂತರೆ ಶೂಗಳು ಸರಿಯಾಗಿವೆ. ಅಲ್ಲಿಯೂ ಪುಟಿಯುವಂತಿದ್ದರೆ ಶೂ ಡ್ರಮ್ಮಿಗೆ ಪೂರ್ತಿ ಕೂರುತ್ತಿಲ್ಲ, ಬರಿಯ ತುದಿಗಳಲ್ಲಿ ತಾಗಿ ಬಾಗುತ್ತಿದೆ. ನಿನ್ನ ವೀಡಿಯೊ ನೋಡಿದರೆ ಎರಡೂ ಇವೆ ಎಂದು ನನಗನ್ನಿಸುತ್ತದೆ. ಕೇಬಲ್ಲನ್ನಂತೂ ಯೋಚಿಸದೆ ಹೊಸದು ಹಾಕು. ಕೇಬಲ್ಲಿನ ತುದಿಯ ಗುಂಡು, ಅಂದರೆ ನಿಪ್ಪಲ್ಲಿನ ಬುಡದಲ್ಲಿ ಒಂದೇ ಒಂದು ಎಳೆ ಬಿಚ್ಚಿಕೊಂಡಿದ್ದರೂ ಅದು ಉಳಿಸಿಕೊಳ್ಳುವ ವಸ್ತುವಲ್ಲ.

ಗಾಲಿ ಬಿಚ್ಚಿ, ಶೂಗಳು ಕೂತಿರುವ ಪ್ಲೇಟು ಹೊರತೆಗೆದಾಗ ಒಳಗೆ ಬೂದುಬಣ್ಣದ ಪುಡಿ ಕಾಣುತ್ತದೆ. ನಾವು ಹುಡುಗರಾಗಿದ್ದಾಗ ಅದನ್ನು ಬಾಯಿಂದ ಊದುತ್ತಿದ್ದೆವು, ವರ್ಕ್‌ಶಾಪಿನಲ್ಲಿ ಗಾಳಿಯ ಪೈಪು ಹಿಡಿಯುತ್ತಿದ್ದರು. ನೀನು ಹಾಗೆ ಮಾಡಕೂಡದು. ಆ ಕಾಲದ ಲೈನಿಂಗುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಎಳೆಗಳು ಶ್ವಾಸಕೋಶದಲ್ಲಿ ಕುಳಿತು ಎಷ್ಟೋ ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲವು. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಒದ್ದೆಯಿರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಬಿಡು. ಲೈನಿಂಗಿನ ಮೇಲೆ ಗ್ರೀಸು ಇಳಿದು ಕಪ್ಪಾಗಿದ್ದರೆ ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಬಹುದೆಂದು ಯಾರಾದರೂ ಹೇಳಿದರೆ ಒಪ್ಪಬೇಡ. ಒಳಗೆ ಇಂಗಿದ ಗ್ರೀಸು ಬ್ರೇಕು ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ.

ಈಗ ಶೂಗಳ ವಿಷಯ. ಮೇಲುನೋಟಕ್ಕೆ ಎರಡೂ ಒಂದೇ ಥರ ಇದ್ದರೂ ಅವು ಮಾಡುವ ಕೆಲಸ ಬೇರೆ ಬೇರೆ. ಊರುಗೋಲನ್ನು ನಿನ್ನ ಮುಂದೆ ಓರೆಯಾಗಿ ಊರಿ ಮುನ್ನಡೆದರೆ ಅದು ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಅದನ್ನೇ ಹಿಂದೆ ಎಳೆದುಕೊಂಡು ಹೋದರೆ ಸುಮ್ಮನೆ ಜಾರಿಕೊಂಡು ಬರುತ್ತದೆ. ಹಾಗೆಯೇ ಡ್ರಮ್ಮು ತಿರುಗುವ ದಿಕ್ಕಿಗೆ ಕ್ಯಾಮಿನ ತುದಿ ಮೊದಲು ಸಿಗುವ ಶೂವನ್ನು ಡ್ರಮ್ಮೇ ತನ್ನೊಳಕ್ಕೆ ಎಳೆದುಕೊಳ್ಳುತ್ತದೆ; ನಿನ್ನ ಕೈ ಕೊಟ್ಟ ಬಲಕ್ಕಿಂತ ಹೆಚ್ಚಿನ ಒತ್ತಡ ಅಲ್ಲಿ ಹುಟ್ಟುತ್ತದೆ. ಇನ್ನೊಂದು ಶೂವನ್ನು ಡ್ರಮ್ಮು ದೂರ ತಳ್ಳುತ್ತಿರುತ್ತದೆ. ಆದ್ದರಿಂದ ಮೊದಲನೆಯದು ಬೇಗ ಸವೆಯುತ್ತದೆ, ಅದು ಡ್ರಮ್ಮಿಗೆ ಎಷ್ಟು ಚೆನ್ನಾಗಿ ಕೂತಿದೆ ಎಂಬುದರ ಮೇಲೆಯೇ ಬ್ರೇಕಿನ ಯೋಗ್ಯತೆ ನಿಂತಿರುತ್ತದೆ. ಬಿಚ್ಚುವ ಮೊದಲು ಯಾವ ಶೂ ಎಲ್ಲಿತ್ತು ಎಂದು ಗುರುತು ಹಾಕಿಕೋ.

ಈಗ ಅಂಗಡಿಯಲ್ಲಿ ಸಿಗುವ ಶೂಗಳನ್ನು ತಂದು ಹಾಗೆಯೇ ಹಾಕಿದರೆ ಆಗದೇ ಎಂದು ನೀನು ಕೇಳಬಹುದು. ಹಾಕಬಹುದು, ಬ್ರೇಕೂ ಹಿಡಿಯುತ್ತದೆ. ಆದರೆ ಐವತ್ತು ವರ್ಷ ಸವೆದ ಡ್ರಮ್ಮಿನ ವ್ಯಾಸ ಹೊಸ ಶೂವಿನ ಬಾಗಿಗಿಂತ ದೊಡ್ಡದಾಗಿರುತ್ತದೆ. ಡ್ರಮ್ಮಿನ ಒಳಮೈಗೆ ಶಾಲೆಯ ಸೀಮೆಸುಣ್ಣ ತೆಳುವಾಗಿ ಬಳಿದು, ಶೂ ಕೂಡಿಸಿ, ಬ್ರೇಕನ್ನು ಹಗುರವಾಗಿ ಹಿಡಿದು ಗಾಲಿಯನ್ನು ಒಂದು ಸುತ್ತು ತಿರುಗಿಸಿ ಬಿಚ್ಚಿ ನೋಡು. ಬಿಳಿ ಗುರುತು ಲೈನಿಂಗಿನ ಮಧ್ಯದಲ್ಲಿ ಎರಡು ಬೆರಳಗಲ ಮಾತ್ರ ಇದ್ದರೆ ಅಷ್ಟು ಜಾಗದಿಂದಲೇ ನೀನು ಗಾಡಿ ನಿಲ್ಲಿಸುತ್ತಿದ್ದೀಯ. ತುದಿಗಳಲ್ಲಿ ಮಾತ್ರ ಇದ್ದರೆ ಅದು ಇನ್ನೂ ಕೆಟ್ಟದ್ದು. ಮೆತ್ತಗಿನ ಲಿವರೂ ಕೀಚಲು ಸದ್ದೂ ಬಹುಮಟ್ಟಿಗೆ ಅಲ್ಲಿಂದಲೇ ಬರುತ್ತವೆ.

ಇದಕ್ಕೆ ಸರಿಯಾದ ಪರಿಹಾರ ಲೇತ್, ಅಂದರೆ ವಸ್ತುವನ್ನು ತಿರುಗಿಸುತ್ತ ಕಡಿಯುವ ಯಂತ್ರ, ಮಾತ್ರ. ಹಳೆಯ ಶೂಗಳಿಗೇ ದಪ್ಪನೆಯ ಹೊಸ ಲೈನಿಂಗು ಅಂಟಿಸಿ, ಅವನ್ನು ಅವುಗಳದ್ದೇ ಪ್ಲೇಟಿನ ಮೇಲೆ ಅವುಗಳದ್ದೇ ಸ್ಪ್ರಿಂಗಿನಿಂದ ಕೂಡಿಸಿ, ಕ್ಯಾಮಿಗೂ ಶೂವಿನ ಪಾದಕ್ಕೂ ನಡುವೆ ಹ್ಯಾಕ್ಸಾ ಬ್ಲೇಡಿನ ತೆಳು ತುಂಡೊಂದನ್ನು ಎರಡೂ ಕಡೆ ಸೇರಿಸಿ, ಇಡೀ ಪ್ಲೇಟನ್ನೇ ಲೇತಿಗೆ ಕಟ್ಟಿ ಡ್ರಮ್ಮಿನ ವ್ಯಾಸಕ್ಕೆ ಸರಿಯಾಗಿ ಲೈನಿಂಗನ್ನು ಕಡಿಯಬೇಕು. ಬ್ಲೇಡಿನ ತುಂಡುಗಳನ್ನು ತೆಗೆದಾಗ ಶೂಗಳು ಅಷ್ಟೇ ಒಳಗೆ ಸರಿದು ಡ್ರಮ್ಮು ತಿರುಗಲು ಜಾಗ ಉಳಿಯುತ್ತದೆ. ನಮ್ಮ ಮನೆ ಹತ್ತಿರದ ಟರ್ನರ್ ಇದನ್ನು ಮಾಡುವುದನ್ನು ನಾನು ಸ್ಟೂಲಿನ ಮೇಲೆ ಕುಳಿತು ನೋಡಿದ್ದೇನೆ. ಮೊದಲ ಸುತ್ತಿಗೆ ಹತ್ಯಾರ ಎತ್ತರದ ಜಾಗಗಳಿಗೆ ಮಾತ್ರ ತಾಗಿ ಟಿಕ್ ಟಿಕ್ ಎನ್ನುತ್ತದೆ. ನಾಲ್ಕೈದು ಸುತ್ತಾದ ಮೇಲೆ ಆ ಸದ್ದು ಬೆಸೆದುಕೊಂಡು ಒಂದೇ ಸಮನೆ ಸುಯ್ಯೆನ್ನುತ್ತದೆ. ಆಗ ಅವರು ಯಂತ್ರ ನಿಲ್ಲಿಸಿ, ಕ್ಯಾಲಿಪರ್ ಇಡುವ ಮೊದಲೇ, ಬೆರಳ ಬೆನ್ನಿನಿಂದ ಲೈನಿಂಗನ್ನು ಸವರಿ ತಲೆಯಾಡಿಸುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ದೃಶ್ಯ ಈ ಕಸುಬಿನಲ್ಲಿ ಇನ್ನೊಂದಿಲ್ಲ.

ಹಿಂದಿನ ಪೆಡಲು ಮಿಡಿಯುವುದಕ್ಕೆ ಕಾರಣ ಶೂ ಅಲ್ಲ, ಡ್ರಮ್ಮು ಅಂಡಾಕಾರವಾಗಿರುವುದು. ಗಾಲಿಯ ನಡುವಿನ ಅಲ್ಯೂಮಿನಿಯಂ ಹಬ್ಬಿನೊಳಗೆ ಡ್ರಮ್ಮಿನ ಬೀಡುಕಬ್ಬಿಣದ ಬಳೆಯಿದ್ದು, ಸ್ಪೋಕ್ ಕಡ್ಡಿಗಳು ಎಲ್ಲ ಕಡೆಯಿಂದಲೂ ಹಬ್ಬನ್ನು ಎಳೆಯುತ್ತಿರುತ್ತವೆ. ಕೆಲವು ಬಿಗಿ, ಕೆಲವು ಸಡಿಲವಾದರೆ ಬಳೆಯೂ ಸೊಟ್ಟಗಾಗುತ್ತದೆ. ಆದ್ದರಿಂದ ಮೊದಲು ಕಡ್ಡಿಗಳನ್ನು ಸಮನಾಗಿ ಬಿಗಿದು ಗಾಲಿಯ ಬೆಂಡು ತೆಗೆಸಬೇಕು, ಆಮೇಲೆ ಗಾಲಿಯನ್ನು ಹಾಗೆಯೇ ಲೇತಿಗೆ ಹಿಡಿದು ಡ್ರಮ್ಮನ್ನು ಕೂದಲೆಳೆಯಷ್ಟು ಮಾತ್ರ ಕಡಿಸಬೇಕು. ಈ ಕ್ರಮ ತಿರುವುಮುರುವಾದರೆ ಖರ್ಚು ಮಾಡಿದ್ದೆಲ್ಲ ವ್ಯರ್ಥ. 16 ಇಂಚಿನ ಗಾಲಿಯನ್ನು ಹಿಡಿಯುವ ಲೇತ್ ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ, ವಿಚಾರಿಸಿ ಹೋಗಬೇಕು.

ಕೂಡಿಸುವಾಗ ಎರಡು ಶೂಗಳಿಗೂ ಸ್ಪ್ರಿಂಗು ಸಿಕ್ಕಿಸಿ, ಅರ್ಧ ತೆರೆದ ಪುಸ್ತಕದಂತೆ ಹಿಡಿದು, ಶೂಗಳ ಇನ್ನೊಂದು ತುದಿ ಕೂರುವ ಪಿನ್ನಿಗೂ ಕ್ಯಾಮಿಗೂ ತಾಗಿಸಿ ಕೆಳಕ್ಕೆ ಒತ್ತಿದರೆ ಸ್ಕ್ರೂಡ್ರೈವರ್ ಬೇಕಿಲ್ಲದೆ ಕೂರುತ್ತವೆ. ಸ್ಪ್ರಿಂಗು ಸಡಿಲವೆನಿಸಿದರೆ ಬದಲಿಸು. ಕ್ಯಾಮಿನ ದಂಡವನ್ನು ಎಮರಿ ಕಾಗದದಿಂದ ಉಜ್ಜಿ, ಬಿಸಿಗೆ ಕರಗದ ಗ್ರೀಸನ್ನು ಬೆರಳಿಗೆ ಅಂಟುವಷ್ಟೇ ಹಚ್ಚು. ಹೆಚ್ಚಾದದ್ದು ಲೈನಿಂಗಿಗೇ ಹೋಗುತ್ತದೆ. ಲೈನಿಂಗಿನ ಮುಂದಿನ ಅಂಚನ್ನು ಅರದಿಂದ ಸ್ವಲ್ಪ ಇಳಿಜಾರು ಮಾಡಿದರೆ ಕೀಚಲು ಸದ್ದು ತಗ್ಗುತ್ತದೆ. ಬ್ರೇಕು ಪೂರ್ತಿ ಹಿಡಿದಾಗ ಕೇಬಲ್ಲಿಗೂ ತೋಳಿಗೂ ನಡುವಿನ ಕೋನ ಸುಮಾರು 90 ಡಿಗ್ರಿ ಇರಬೇಕು. ಕೈಯ ಬಲ ಹೆಚ್ಚು ತಲುಪುವುದು ಆಗಲೇ. ಅದಕ್ಕಿಂತ ಮುಂದೆ ಹೋಗುತ್ತಿದ್ದರೆ ತೋಳನ್ನು ತಿರುಗಿಸಬೇಡ, ನಾನು ಮಾಡಿದ ತಪ್ಪೇ ಅದು. ಲೈನಿಂಗಿನ ದಪ್ಪವನ್ನು ಮತ್ತೆ ಅಳೆ. ಗಾಲಿ ಹಾಕಿ ಆಕ್ಸಲ್ಲಿನ ನಟ್ಟು ಬಿಗಿಯುವ ಮೊದಲು ಗಾಲಿಯನ್ನು ತಿರುಗಿಸಿ, ಬ್ರೇಕು ಬಲವಾಗಿ ಹಿಡಿದು, ಹಿಡಿದಂತೆಯೇ ನಟ್ಟು ಬಿಗಿ. ಆಗ ಪ್ಲೇಟು ತಾನಾಗಿ ಡ್ರಮ್ಮಿನ ನಡುಮಧ್ಯಕ್ಕೆ ಬಂದು ನಿಲ್ಲುತ್ತದೆ. ಪ್ಲೇಟು ಗಾಲಿಯೊಂದಿಗೆ ಸುತ್ತದಂತೆ ತಡೆಯುವ ಹಿಡಿತವೊಂದು ಪ್ರತಿ ಗಾಲಿಗೂ ಇರುತ್ತದೆ. ಅದು ಸರಿಯಾಗಿ ಕೂತಿದೆಯೇ ಎಂದು ಕಣ್ಣಿನಿಂದ ನೋಡಿ, ಕೈಯಿಂದ ಅಲುಗಿಸಿ, ಮಾರನೆಯ ದಿನ ಬೆಳಗ್ಗೆ ಇನ್ನೊಮ್ಮೆ ನೋಡು. ಅದು ಕಳಚಿದರೆ ಬ್ರೇಕು ಹಿಡಿದ ಕ್ಷಣದಲ್ಲಿ ಪ್ಲೇಟು ಸುತ್ತಿ ಗಾಲಿಯೇ ಸಿಕ್ಕಿಹಾಕಿಕೊಳ್ಳುತ್ತದೆ.

ಮೊದಲು ಗಾಡಿಯನ್ನು ತಳ್ಳಿಕೊಂಡು ನಡೆದು ಪರೀಕ್ಷಿಸು, ಆಮೇಲೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ. ಹೊಸ ಲೈನಿಂಗು ಡ್ರಮ್ಮಿಗೆ ಹೊಂದಿಕೊಳ್ಳುವವರೆಗೆ ಇಳಿಜಾರುಗಳ ಕಡೆ ಹೋಗಬೇಡ. ಈ ಟೂ ಸ್ಟ್ರೋಕ್ ಎಂಜಿನ್ನು ಇಳಿಜಾರಿನಲ್ಲಿ ಗಾಡಿಯನ್ನು ಹೆಚ್ಚು ತಡೆಯುವುದಿಲ್ಲ, ಆದ್ದರಿಂದ ಭಾರವೆಲ್ಲ ಬ್ರೇಕಿನ ಮೇಲೆಯೇ ಬೀಳುತ್ತದೆ. ಡ್ರಮ್ಮು ಬಿಸಿಯಾಗಿ ಹಿಗ್ಗಿದಂತೆ ಲಿವರು ಇನ್ನಷ್ಟು ಒಳಗೆ ಬರುತ್ತದೆ. ಎಂಜಿನ್ನಿಗೆ ಆಯಿಲ್ ಸಿಗುವುದು ಪೆಟ್ರೋಲಿನ ಜೊತೆಗೇ ಆದ್ದರಿಂದ ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಆಗಾಗ ಒಂದಿಷ್ಟು ತಿರುಗಿಸುವುದನ್ನೂ ಮರೆಯಬೇಡ.

ಎರಡೂ ಗಾಲಿಗಳನ್ನು ಪ್ಲೇಟು, ಶೂಗಳ ಸಮೇತ ಕಟ್ಟಿಕೊಂಡು ದಸರಾ ರಜೆಗೆ ರೈಲಿನಲ್ಲಿ ಬಾ. ಟರ್ನರಿಗೆ ಹೇಳಿಟ್ಟಿದ್ದೇನೆ, ಅವರ ಲೇತಿಗೆ ಈ ಗಾಲಿ ಹಿಡಿಯುತ್ತದೆ. ಅವರು ಕೆಲಸ ಮಾಡುವಾಗ ನೀನೂ ಪಕ್ಕದಲ್ಲಿ ನಿಂತು ನೋಡಬೇಕೆಂಬುದು ನನ್ನ ಆಸೆ. ಈ ಪತ್ರ ಬರೆಯಲು ಕೂರುವ ಮೊದಲು ನಿನ್ನೆ ರಾತ್ರಿ ಅಮ್ಮನಿಗೆ ಬೆಟ್ಟದ ವಿಷಯವನ್ನು ಇದ್ದದ್ದು ಇದ್ದಹಾಗೆ ಹೇಳಿದೆ. ಸ್ವಲ್ಪ ಹೊತ್ತು ಮೊಣಕೈ ಸವರಿಕೊಳ್ಳುತ್ತ ಕುಳಿತಿದ್ದಳು. ಆಮೇಲೆ, "ಪುಟ್ಟಿ ಆ ಅಡ್ಜಸ್ಟರ್ ಮುಟ್ಟಿಲ್ಲ ತಾನೇ?" ಎಂದು ಕೇಳಿದಳು. ಪತ್ರ ತಲುಪಿದ ಕೂಡಲೇ ಅವಳಿಗೆ ಫೋನ್ ಮಾಡು.

ಇಂತಿ,
ನಿನ್ನ ಅಪ್ಪ