ಬಾಯಿ ತಪಾಸಣೆಗೆ 30 ವರ್ಷ ಆಗುವವರೆಗೆ ಕಾಯಬೇಕೇ?

ಮಾನ್ಯ ಸಂಪಾದಕರೇ,

ಅಸಾಂಕ್ರಾಮಿಕ ರೋಗಗಳ ನಿಯಂತ್ರಣ ಕಾರ್ಯಕ್ರಮದಡಿ ಬಿ.ಪಿ., ಸಕ್ಕರೆ ಕಾಯಿಲೆಯ ಜೊತೆಗೆ ಬಾಯಿ ಕ್ಯಾನ್ಸರ್ ತಪಾಸಣೆಯೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ನಡೆಯುತ್ತದೆ. ಆದರೆ 30 ವರ್ಷ ತುಂಬಿದವರಿಗೆ ಮಾತ್ರ. ಪಾನ್ ಮಸಾಲ, ಗುಟ್ಕಾ ಜಗಿಯುವ ಚಟ ಹತ್ತುವುದು ಹೈಸ್ಕೂಲು, ಪಿಯುಸಿ ವಯಸ್ಸಿನಲ್ಲಿ. ಬಾಯಿ ಬಿಗಿದುಕೊಂಡು ದಂತವೈದ್ಯರ ಮುಂದೆ ಕೂರುವ ಹುಡುಗರಲ್ಲಿ ಇಪ್ಪತ್ತು ದಾಟದವರೂ ಇದ್ದಾರೆ. ಅವರ ಹೆಸರು ತಪಾಸಣೆಯ ಪಟ್ಟಿಗೆ ಸೇರುವ ಹೊತ್ತಿಗೆ ಚಟಕ್ಕೆ ಹತ್ತು ಹದಿನೈದು ವರ್ಷ ಆಗಿರುತ್ತದೆ.

ಬಾಯಿ ಬಿಗಿಯುವ ಈ ಕಾಯಿಲೆಗೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಇದಕ್ಕೆ ಮುಖ್ಯ ಕಾರಣ ಅಡಿಕೆ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಅಂಶ ಕೆನ್ನೆಯ ಒಳಪದರದಲ್ಲಿ ನಾರನ್ನು ಅತಿಯಾಗಿ ಬೆಳೆಸುತ್ತದೆ. ಅಡಿಕೆಯಲ್ಲಿರುವ ತಾಮ್ರ ಆ ನಾರುಗಳನ್ನು ಒಂದಕ್ಕೊಂದು ಬಿಗಿಯಾಗಿ ಬೆಸೆಯಲು ನೆರವಾಗುತ್ತದೆ. ಹೀಗೆ ಬೆಸೆದ ನಾರನ್ನು ದೇಹ ಸುಲಭವಾಗಿ ಕರಗಿಸಲಾರದು. ಮೆತ್ತಗಿದ್ದ ಕೆನ್ನೆ ಒಣಗಿದ ತೊಗಲಿನಂತಾಗುತ್ತದೆ. ಮೊದಲ ಸೂಚನೆ ಸಾರು, ಉಪ್ಪಿನಕಾಯಿಯ ಖಾರ ತಡೆಯಲಾಗದ ಉರಿ. ಆಮೇಲೆ ಕೆನ್ನೆಯ ಒಳಭಾಗ ಬಿಳಿಚಿಕೊಳ್ಳುತ್ತದೆ, ಬೆರಳಿಟ್ಟರೆ ಗಟ್ಟಿ ಪಟ್ಟಿಗಳು ಸಿಗುತ್ತವೆ, ನಾಲಗೆ ಪೂರ್ತಿ ಹೊರಗೆ ಚಾಚಲು ಬರುವುದಿಲ್ಲ, ಸೀಟಿ ಊದಲಾಗುವುದಿಲ್ಲ, ಮುದ್ದೆಯ ತುತ್ತು ಚಿಕ್ಕದಾಗುತ್ತಾ ಹೋಗುತ್ತದೆ. ಇಂಥ ಬಾಯಲ್ಲಿ ಮುಂದೆ ಕ್ಯಾನ್ಸರ್ ಆಗುವ ಸಾಧ್ಯತೆ ಬೇರೆಯವರಿಗಿಂತ ಬಹಳ ಹೆಚ್ಚು.

ಇದರ ಪರೀಕ್ಷೆಗೆ ಯಾವ ಯಂತ್ರವೂ ಬೇಡ. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒಂದರ ಮೇಲೊಂದು ಬರುವಂತೆ ಜೋಡಿಸಿ ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ಇಡಬೇಕು. ಬೆರಳುಗಳು ಅವರವರದ್ದೇ ಆಗಿರಬೇಕು. ಮೂರೂ ಹಿಡಿಸಿದರೆ ಬಾಯಿ ಸರಿಯಾಗಿ ತೆರೆಯುತ್ತಿದೆ ಎಂದರ್ಥ. ಎರಡೇ ಹಿಡಿಸಿದರೆ ಅದೇ ವಾರ ದಂತವೈದ್ಯರಿಗೆ ತೋರಿಸಬೇಕು. ಅಂದೇ ಜಗಿಯುವುದನ್ನು ಬಿಟ್ಟರೆ ಬಿಗಿತ ಅಲ್ಲಿಗೆ ನಿಲ್ಲುವ ಅವಕಾಶ ಇರುತ್ತದೆ. ವ್ಯಾಯಾಮ ಮತ್ತು ಚುಚ್ಚುಮದ್ದಿನಿಂದ ಸ್ವಲ್ಪ ಸಡಿಲವೂ ಆಗಬಹುದು. ಆದರೆ ಹಳೆಯ ಬಾಯಿ ಪೂರ್ತಿಯಾಗಿ ಮರಳುವುದಿಲ್ಲ. ಜಗಿಯುವುದನ್ನು ಮುಂದುವರಿಸಿದರೆ ಚುಚ್ಚುಮದ್ದೂ ವ್ಯರ್ಥ.

2013ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಗುಟ್ಕಾ ನಿಷೇಧಿಸಿತು. ಅಂಗಡಿಗಳಲ್ಲಿ ಈಗ ಪಾನ್ ಮಸಾಲದ ಒಂದು ಚೀಟು, ತಂಬಾಕಿನ ಒಂದು ಚೀಟು ಜೋಡಿಯಾಗಿ ಸಿಗುತ್ತವೆ. ಗಿರಾಕಿ ಎರಡನ್ನೂ ಅಂಗೈಯಲ್ಲೇ ಬೆರೆಸಿಕೊಳ್ಳುತ್ತಾನೆ. ನಮ್ಮನ್ನು ಹೆಚ್ಚು ಕಾಡುವುದು ‘ತಂಬಾಕು ಹಾಕಿಕೊಳ್ಳಲ್ಲ, ಬರೀ ಮಸಾಲ’ ಎಂಬ ಸಮಾಧಾನ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ತಂಬಾಕಿಲ್ಲದ ಎಲೆಅಡಿಕೆಯನ್ನೂ, ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿದೆ. ಮಕ್ಕಳ ಕೈಗೆ ಸಿಗುವ ಸಿಹಿ ಸುಪಾರಿಯಲ್ಲಿರುವುದೂ ಅದೇ ಅಡಿಕೆ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ನಾಡಿನಲ್ಲಿ ಇದನ್ನು ಹೇಳುವುದು ಕಷ್ಟ, ತೋಟ ನಂಬಿ ಬದುಕುವವರ ಆತಂಕ ನಮಗೆ ಅರ್ಥವಾಗುತ್ತದೆ. ಹಾಗೆಂದು ರೋಗಿಯಿಂದ ನಿಜ ಮುಚ್ಚಿಡಲಾಗದು.

ಇನ್ನು ತಂಬಾಕಿನ ಪಾಲು. ಹೊಗೆಸೊಪ್ಪಾಗಲಿ, ಖೈನಿಯಾಗಲಿ, ಜರ್ದಾ ಆಗಲಿ, ಎಲೆಯನ್ನು ಹದ ಮಾಡುವಾಗಲೇ ಅದರಲ್ಲಿ ನೈಟ್ರೋಸಮೈನ್ ಎಂಬ ಕ್ಯಾನ್ಸರ್‌ಕಾರಕಗಳು ಹುಟ್ಟುತ್ತವೆ. ಅಂಗೈಯಲ್ಲಿ ತಿಕ್ಕುವಾಗ ಸೇರಿಸುವ ಸುಣ್ಣ ನಿಕೋಟಿನ್ ಬೇಗ ರಕ್ತಕ್ಕೆ ಇಳಿಯುವಂತೆ ಮಾಡುತ್ತದೆ. ಚಟ ಬಿಗಿಯಾಗುವುದೂ ಅದರಿಂದಲೇ, ಚರ್ಮ ಸುಡುವುದೂ ಅದರಿಂದಲೇ. ಹಲ್ಲುನೋವಿಗೆಂದು ಒಂದು ಎಸಳು ಹೊಗೆಸೊಪ್ಪು ಇಟ್ಟುಕೊಳ್ಳುವ ರೂಢಿ ಹಳ್ಳಿಗಳಲ್ಲಿದೆ. ನೋವು ಮರಗಟ್ಟುತ್ತದೆ, ಹುಳುಕು ಹಾಗೇ ಉಳಿಯುತ್ತದೆ, ಚಟವೊಂದು ಹೊಸದಾಗಿ ಸೇರಿಕೊಳ್ಳುತ್ತದೆ. 2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸೇದುವವರು ಶೇ 8.8, ಹೊಗೆರಹಿತ ತಂಬಾಕು ಬಳಸುವವರು ಶೇ 16.3.

ಕ್ಯಾನ್ಸರ್‌ನ ಸುಳಿವಿಗೆ ಬಾಯಲ್ಲಿ ಎಲ್ಲಿ ನೋಡಬೇಕು ಎಂದರೆ, ಮೊದಲು ಜಗಿಯುವುದನ್ನು ಒತ್ತರಿಸಿ ಇಡುವ ಜಾಗವನ್ನೇ. ಕೆಳದವಡೆಯ ಒಸಡಿಗೂ ಕೆನ್ನೆಗೂ ನಡುವಿನ ಸಂದಿ ನಮ್ಮ ಜನರಲ್ಲಿ ಹೆಚ್ಚಾಗಿ ಕೆಡುವ ಜಾಗ. ತಿಂಗಳಿಗೊಮ್ಮೆ ಬಾಯಿ ಮುಕ್ಕಳಿಸಿ, ಕಟ್ಟಿಸಿಕೊಂಡ ಹಲ್ಲುಸೆಟ್ ಇದ್ದರೆ ತೆಗೆದು, ಕನ್ನಡಿಯ ಮುಂದೆ ಮೊಬೈಲ್ ಟಾರ್ಚ್ ಹಿಡಿದು ನೋಡಬೇಕು. ಎರಡೂ ತುಟಿಗಳ ಒಳಭಾಗ, ಬೆರಳಿನಿಂದ ಕೆನ್ನೆ ಎಳೆದು ಕೊನೆಯ ದವಡೆಹಲ್ಲಿನ ಹಿಂದಿನವರೆಗೆ, ನಾಲಗೆಯ ಎರಡೂ ಅಂಚು, ನಾಲಗೆ ಮೇಲೆತ್ತಿ ಅದರ ಅಡಿ, ಕೊನೆಗೆ ಅಂಗುಳ. ಬಿಳಿ ಮಚ್ಚೆ ಕಂಡರೆ ಶುಭ್ರ ಬಟ್ಟೆಯಿಂದ ಒರೆಸಿ ನೋಡಿ, ಹೋಗದಿದ್ದರೆ ತೋರಿಸಲೇಬೇಕು. ಕೆಂಪು ಮಚ್ಚೆ ಬಿಳಿಯದಕ್ಕಿಂತ ಅಪಾಯಕಾರಿ. ದವಡೆಯ ಕೆಳಗೆ, ಕುತ್ತಿಗೆಯಲ್ಲಿ ಗಂಟಿದೆಯೇ ಎಂದು ಒತ್ತಿ ನೋಡುವುದನ್ನು ಮರೆಯಬಾರದು.

ನೋವಿಲ್ಲ ಎಂದು ಸುಮ್ಮನಿರುವುದೇ ದೊಡ್ಡ ತಪ್ಪು. ಶುರುವಿನ ಕ್ಯಾನ್ಸರ್ ಸಾಮಾನ್ಯವಾಗಿ ನೋಯುವುದಿಲ್ಲ. ಹುಣ್ಣು ಕಂಡರೆ ‘ಉಷ್ಣಕ್ಕೆ ಆಗಿದೆ’ ಎಂದು ಮೆಡಿಕಲ್ ಶಾಪಿನಿಂದ ಬಿ-ಕಾಂಪ್ಲೆಕ್ಸ್ ಮಾತ್ರೆ, ಹಚ್ಚುವ ಜೆಲ್ ತಂದು ತಿಂಗಳುಗಟ್ಟಲೆ ಕಳೆಯುತ್ತಾರೆ. ಎರಡು ವಾರದಲ್ಲಿ ಮಾಯದ ಯಾವ ಹುಣ್ಣನ್ನೂ ಉಷ್ಣ ಎಂದು ಕರೆಯಬೇಡಿ. ಸಣ್ಣ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯವೂ ಆಧಾರವಿಲ್ಲದ್ದು. ಗೆಡ್ಡೆ 2 ಸೆಂ.ಮೀ. ಒಳಗಿದ್ದು ಆಳಕ್ಕೆ ಇಳಿಯದಿದ್ದರೆ ಬಹುತೇಕ ಒಂದು ಶಸ್ತ್ರಚಿಕಿತ್ಸೆಯಲ್ಲೇ ಕೆಲಸ ಮುಗಿಯುತ್ತದೆ. ತಡವಾದರೆ ದವಡೆ ಮೂಳೆಯನ್ನೂ ಕತ್ತರಿಸಿ, ಮೇಲೆ ಸುಮಾರು ಆರು ವಾರ ವಿಕಿರಣ ಕೊಡಬೇಕಾಗುತ್ತದೆ.

ಬಿಡಲು ಮನಸ್ಸು ಮಾಡಿದವರು 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಸಿಡಿಮಿಡಿ, ನಿದ್ದೆಗೇಡು ಮೊದಲ ವಾರ ಜೋರಾಗಿದ್ದು ಮೂರು ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ತಂಬಾಕಿನ ಚಟ ಬಿಡಲು ಬಳಸುವ ನಿಕೋಟಿನ್ ಗಮ್ ಅನ್ನು ಒಂದೇಸಮ ಅಗಿದರೆ ಬಿಕ್ಕಳಿಕೆ, ಹೊಟ್ಟೆಯುರಿ. ನಾಲ್ಕಾರು ಸಲ ಅಗಿದು, ಚುರುಗುಟ್ಟಿದಾಗ ಕೆನ್ನೆಯಲ್ಲಿಟ್ಟು, ಹೀಗೆ ಅರ್ಧ ಗಂಟೆ ಬಳಸಬೇಕು. ಅದಕ್ಕೆ ಕಾಲು ಗಂಟೆ ಮುಂಚೆ ಕಾಫಿ ಕುಡಿಯಬಾರದು, ಕುಡಿದರೆ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಬಾಯಿ ಬಿಗಿದು ಅಗಿಯಲಾಗದವರು ಚರ್ಮಕ್ಕೆ ಅಂಟಿಸುವ ಪಟ್ಟಿಯ ಬಗ್ಗೆ ವೈದ್ಯರನ್ನು ಕೇಳಬೇಕು. ತಂಬಾಕು ಬಿಟ್ಟು ಬರೀ ಅಡಿಕೆಗೆ ಇಳಿಯುವುದು ಬಿಟ್ಟಂತಲ್ಲ. ಬಾಯಿಗೆ ಏನಾದರೂ ಬೇಕೇ ಬೇಕೆಂದರೆ ಸೋಂಪು, ಏಲಕ್ಕಿ ಸಾಕು.

ಬಾಯಿ ತಪಾಸಣೆಯ ಬಗ್ಗೆ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ನಡೆದ ಅಧ್ಯಯನದಲ್ಲಿ ವೈದ್ಯರಲ್ಲದ, ತರಬೇತಿ ಪಡೆದ ಕಾರ್ಯಕರ್ತರು ಜನರ ಬಾಯಿ ನೋಡುತ್ತಾ ಹೋದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಶೇ 34ರಷ್ಟು ಇಳಿದಿತ್ತು. ಅಲ್ಲಿ ನೋಡಿದ್ದು 35 ದಾಟಿದವರನ್ನು. ಚಟ ಇಷ್ಟು ಬೇಗ ಹತ್ತುತ್ತಿರುವಾಗ ನಾವು ಇನ್ನೂ ಮೊದಲೇ ಶುರು ಮಾಡಬೇಕು. ಜಗಿಯುವವರಿಗೆ ವಯಸ್ಸಿನ ಮಿತಿ ತೆಗೆದುಹಾಕಿ, ಪಿಯು ಮತ್ತು ಐಟಿಐ ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ಮೂರು ಬೆರಳಿನ ಪರೀಕ್ಷೆ ಮಾಡಿಸಿ, ಅನುಮಾನ ಬಂದವರಿಗೆ ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ಮೊದಲ ಭೇಟಿಯಲ್ಲೇ ಬಯಾಪ್ಸಿ ಆಗುವಂತೆ ಆರೋಗ್ಯ ಇಲಾಖೆ ಆದೇಶ ಹೊರಡಿಸಬೇಕು.

— ದಂತವೈದ್ಯರ ಬಳಗ, ದಾವಣಗೆರೆ